ಫೋಟೋದ ಬೆನ್ನಿಗೆ ಗೋಂದು ಹಚ್ಚಿದವರಿಗೆ

ಫೆಬ್ರುವರಿ ಮೂವತ್ತು, ಎರಡು ಸಾವಿರದ ನೂರ ಎಂಬತ್ತನಾಲ್ಕು
ನೂಲಗಟ್ಟಿ

ಸಮಾಜ ವಿಜ್ಞಾನ ಕಲಿಸುವ ಗುರುಗಳೇ,

ತಾರೀಕು ನೋಡಿ ನಗಬೇಡಿ. ನಮ್ಮ ಕಾಲದವರು ತಿಂಗಳುಗಳನ್ನೆಲ್ಲ ಮೂವತ್ತು ದಿನಕ್ಕೆ ಸರಿಮಾಡಿ, ಉಳಿದ ದಿನಗಳನ್ನು ವರ್ಷದ ಕೊನೆಗೆ ಗುಡ್ಡೆ ಹಾಕಿದ್ದಾರೆ. ನನ್ನ ಮಾತೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಾನು ನೀಲಾಂಬಿಕಾ ಹಾವರಗಿ. ಇಲ್ಲಿಯ ಶಾಲೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಇತಿಹಾಸ ಕಲಿಸುತ್ತಿದ್ದೇನೆ. ಇನ್ನು ಹದಿನಾಲ್ಕು ದಿನ ಕಲಿಸುತ್ತೇನೆ. ಆಮೇಲೆ ಈ ಊರಿಗೆ ನೀರು ನಿಲ್ಲುತ್ತದೆ, ನಾವೆಲ್ಲ ಹೊರಡಬೇಕು. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಮರಳಂಚೆಯಲ್ಲಿ ನಮ್ಮಂಥವರಿಗೆ ಜೀವಮಾನಕ್ಕೆ ಒಂದೇ ಪತ್ರದ ಅವಕಾಶ. ಆಗಿಹೋದದ್ದು ನಮ್ಮ ಪಾಲಿಗೆ ಬದಲಾಗುವುದಿಲ್ಲವಂತೆ. ಬೇರೆ ಯಾವುದಾದರೂ ಊರಿಗೆ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ.

ನಮ್ಮದು ನೇಕಾರರ ಊರು. ಈಗ ಸೀರೆ ನೇಯುವುದಿಲ್ಲ, ನೆರಳುಬಟ್ಟೆ ನೇಯುತ್ತೇವೆ. ಓಣಿಯ ಈ ಗೋಡೆಯಿಂದ ಆ ಗೋಡೆಗೆ ಕಟ್ಟುವ ದಪ್ಪ ಬಟ್ಟೆ ಅದು. ಅದಿಲ್ಲದಿದ್ದರೆ ಬೆಳಗಿನ ಒಂಬತ್ತರ ಮೇಲೆ ಹೊರಗೆ ಕಾಲಿಡುವ ಹಾಗಿಲ್ಲ. ಶಾಲೆ ಐದಕ್ಕೆ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತದೆ. ನೀರು ನೆಲೆಮಂಡಳಿಯಿಂದ ಕೊಳವೆಯಲ್ಲಿ ಬರುತ್ತದೆ. ಎಲ್ಲ ಊರಿಗೂ ಸಾಲುವಷ್ಟು ನೀರಿಲ್ಲದ ಕಾರಣ ಮಂಡಳಿ ಹತ್ತು ವರ್ಷಕ್ಕೊಮ್ಮೆ ಊರುಸಾಕ್ಷಿ ಎಂಬ ಸ್ಪರ್ಧೆ ನಡೆಸುತ್ತದೆ. ನಮ್ಮ ಊರಿಗೆ ಸರದಿ ಬಂದದ್ದು ಇದೇ ಮೊದಲು. ತಮ್ಮ ಊರು ನೂರು ವರ್ಷಕ್ಕೂ ಹಿಂದಿನದು ಎಂದು ತೋರಿಸಿದವರಿಗೆ ಕೊಳವೆ ಉಳಿಯುತ್ತದೆ. ತೋರಿಸಲಾಗದವರು ಪಟ್ಟಣದ ಗೂಡುಸಾಲಿಗೆ, ಅಂದರೆ ಒಂದರ ಮೇಲೊಂದು ಪೇರಿಸಿದ ಒಂಟಿಕೋಣೆಗಳಿಗೆ ಹೋಗಬೇಕು. ಅಲ್ಲಿ ಮಗ್ಗಕ್ಕೆ ಜಾಗವಿಲ್ಲ. ದೊಡ್ಡವರು ಸುಳ್ಳು ಹೇಳಿ ಹೇಳಿ ಮರ್ಯಾದೆ ಕಳೆದುಕೊಂಡಿದ್ದಾರೆಂದು ಊರಿನ ಪರವಾಗಿ ಶಾಲೆಯ ಮಕ್ಕಳೇ ನಿಲ್ಲಬೇಕು. ನಿಮ್ಮ ಕಾಲದಲ್ಲಿ ಇತಿಹಾಸ ಸ್ಪರ್ಧೆಯಲ್ಲಿ ಗೆದ್ದರೆ ಸ್ಟೀಲಿನ ತಟ್ಟೆ, ಒಂದು ಪ್ರಶಸ್ತಿಪತ್ರ ಕೊಡುತ್ತಿದ್ದರಂತೆ. ನಿಮ್ಮ ಪುಣ್ಯ.

ಸಾಕ್ಷಿ ಎಂದರೆ ಈಗ ಕೈಸಾಕ್ಷಿ ಮಾತ್ರ. ಹಳೆಯ ಕಾಗದ, ಅದರ ಮೇಲೆ ಯಾರೋ ಕೈಯಾರೆ ಬರೆದ ಊರಿನ ಹೆಸರು. ಯಂತ್ರಗಳು ಯಾರನ್ನು ಬೇಕಾದರೂ ಎಲ್ಲಿ ಬೇಕಾದರೂ ನಿಲ್ಲಿಸಿ ಚಿತ್ರ ಹುಟ್ಟಿಸಿಕೊಡುವುದರಿಂದ ಚಿತ್ರವನ್ನು ಯಾರೂ ನಂಬುವುದಿಲ್ಲ. ಕಚೇರಿಯ ದಾಖಲೆಗಳೆಲ್ಲ ನಿಮ್ಮ ಮಕ್ಕಳ ಕಾಲದಲ್ಲೇ ಯಂತ್ರಕ್ಕೆ ಸೇರಿದ್ದವು. ಅವೂ ಸಾಕ್ಷಿಯಲ್ಲ ಎಂದಾಯಿತು.

ನಮ್ಮ ತಂಡದ ಮುಂದಾಳು ಸಾವಂತ್ರಿ ಎಂಬ ಹದಿಮೂರರ ಹುಡುಗಿ. ತಲೆ ತಿನ್ನುವಷ್ಟು ಪ್ರಶ್ನೆ ಕೇಳುತ್ತಾಳೆ, ಅದಕ್ಕೇ ಅವಳನ್ನು ಕಂಡರೆ ನನಗೆ ಜೀವ. ಎಂಟು ತಿಂಗಳು ಮನೆಮನೆಯ ಅಟ್ಟ ಹುಡುಕಿದೆವು. ಕೊನೆಗೆ ಶಾಲೆಯ ಹಳೆಯ ಬೀರುವಿನ ಹಿಂದೆ, ಗೋಡೆಗೆ ಆತುಕೊಂಡು, ಒಂದು ಗುಲಾಬಿ ಚಾರ್ಟು ಸಿಕ್ಕಿತು. ಎರಡು ಸಾವಿರದ ಇಪ್ಪತ್ತಾರನೆಯ ಇಸವಿಯ ಇತಿಹಾಸ ಸ್ಪರ್ಧೆಗೆ ಮಾಡಿದ್ದು. ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ನಮ್ಮ ಊರಿನ ಇತಿಹಾಸ’ ಎಂದು ಬರೆದು ಮಿಂಚಿನ ಪುಡಿ ಉದುರಿಸಿದ್ದರು. ನಾವು ಕುಣಿದಾಡಿದೆವು.

ಆಮೇಲೆ ಕೂತು ಓದಿದೆವು. ಹನ್ನೊಂದು ಕಡೆ ‘ನಮ್ಮ ಊರು’ ಎಂದಿತ್ತು. ಹೆಸರು ಒಂದು ಕಡೆಯೂ ಇರಲಿಲ್ಲ. ಶಾಲೆಯ ಹೆಸರೂ ಇಲ್ಲ. ತೀರ್ಪುಗಾರರು ಪಕ್ಷಪಾತ ಮಾಡಬಾರದೆಂದು ಶಾಲೆ, ಊರು ಯಾವುದನ್ನೂ ಬರೆಯಬಾರದು, ತಂಡದ ಸಂಖ್ಯೆ ಮಾತ್ರ ಹಾಕಬೇಕು ಎಂಬ ನಿಯಮ ನಿಮ್ಮದು. ಮೂಲೆಯಲ್ಲಿ ‘ತಂಡ 27’ ಎಂದಿತ್ತು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಪ್ರಥಮ’.

ನಡುವೆ ಒಂದು ಕಪ್ಪುಬಿಳುಪು ಫೋಟೋ ಅಂಟಿಸಿದ್ದರು. ಮಗ್ಗದ ಗುಂಡಿಯಲ್ಲಿ ಕೂತ ಒಬ್ಬ ಮುದುಕಿ. ಅಂದಕ್ಕೆಂದು ಅಂಚನ್ನು ಅಂಕುಡೊಂಕಾಗಿ ಕತ್ತರಿಸಿದ್ದರು. ಯಾರದೋ ಮನೆಯ ಆಲ್ಬಮ್ಮಿನಿಂದ ಕಿತ್ತು ತಂದ ಅಸಲು ಫೋಟೋ ಅದು. ಚಾರ್ಟನ್ನು ಬೆಳಕಿಗೆ ಹಿಡಿದಾಗ ಫೋಟೋದ ಹಿಂಬದಿಯಲ್ಲಿ ನೀಲಿ ಅಕ್ಷರಗಳ ನೆರಳು ಕಂಡಿತು. ಎರಡು ಸಾಲು. ಸಾವಂತ್ರಿ ಕೇಳಿದಳು: “ಬರದದ್ದು ಹಿಂದ ಐತಲ್ರಿ ಅಕ್ಕಾರ, ಅದರ ಮ್ಯಾಲೇ ಯಾಕ ಗೋಂದು ಹಚ್ಚಿದ್ರು?”

ನಿಮ್ಮ ಮೇಲೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಉಳಿದ ಪಾಪ ನನ್ನದು. ಸ್ಪರ್ಧೆಗೆ ಮೂರೇ ದಿನ ಉಳಿದಿತ್ತು. “ತಡೀರಿ ಅಕ್ಕಾರ, ಮೊದಲ ಬೆಳಕಿಗಿ ಹಿಡದು ಒಂದೊಂದ ಅಕ್ಷರ ಬರಕೊಳ್ಳೂಣು” ಅಂದಳು ಹುಡುಗಿ. ಅವಸರಕ್ಕೆ ಬಿದ್ದು ನಾನು ಕೇಳಲಿಲ್ಲ. ಗೋಂದು ಬಿಡಲಿ ಎಂದು ಫೋಟೋ ಅಂಟಿದ್ದಷ್ಟು ಭಾಗವನ್ನು ಕತ್ತರಿಸಿ ತಟ್ಟೆಯ ನೀರಿಗೆ ಹಾಕಿದೆ. ಗೋಂದು ಬಿಟ್ಟಿತು, ಶಾಯಿಯೂ ಬಿಟ್ಟಿತು. ತಟ್ಟೆಯ ನೀರು ತಿಳಿನೀಲಿಯಾಯಿತು. ಮೇಲಿನ ಸಾಲಿನಲ್ಲಿ ‘ಅವ್ವ, ಮಗ್ಗದ ಮುಂದ’ ಎಂಬಷ್ಟು ಉಳಿಯಿತು. ಊರಿನ ಹೆಸರು ಇದ್ದಿರಬಹುದಾದ ಕೆಳಗಿನ ಸಾಲು ಪೂರಾ ಹೋಯಿತು. “ಹೋಗ್ಲಿ ಬಿಡ್ರಿ ಅಕ್ಕಾರ” ಅಂದಳು ಸಾವಂತ್ರಿ. ಬೈದಿದ್ದರೆ ಚೆನ್ನಾಗಿತ್ತು.

ಮಂಡಳಿಯ ಪರೀಕ್ಷಕಿ ಒಳ್ಳೆಯ ಹೆಂಗಸು. ಚಾರ್ಟನ್ನು ಬಹಳ ಹೊತ್ತು ನೋಡಿದಳು. “ನನಗ ನಂಬಿಕಿ ಐತಿ ತಂಗಿ, ಆದರ ಸಾಕ್ಷಿ ಇಲ್ಲ” ಎಂದು ಚಾರ್ಟನ್ನು ಮಡಚದೆ, ಜೋಪಾನವಾಗಿ ಸುರುಳಿ ಸುತ್ತಿ ಸಾವಂತ್ರಿಯ ಕೈಗೆ ಕೊಟ್ಟಳು. ಮುನ್ನೂರ ಹನ್ನೆರಡು ಜನರ ಊರು ಅಲ್ಲಿಗೆ ಮುಗಿಯಿತು. ವಾಪಸು ಬರುವ ದಾರಿಯುದ್ದಕ್ಕೂ ನಾನು ಅತ್ತೆ.

ಗುರುಗಳೇ, ನಿಮ್ಮಲ್ಲಿ ಸ್ಪರ್ಧೆಗಳು ನಡೆಯಲಿ, ಮಕ್ಕಳು ಬಹುಮಾನ ಗೆಲ್ಲಲಿ. ಆದರೆ ಮನೆಯಿಂದ ತಂದ ಫೋಟೋವನ್ನು ಅಂಟಿಸಲು ಬಿಡಬೇಡಿ. ಅದರ ನಕಲು ಅಂಟಿಸಿ, ಅಸಲನ್ನು ಮನೆಗೆ ಕಳಿಸಿ. ಕಳಿಸುವ ಮೊದಲು ತಿರುಗಿಸಿ ನೋಡಿ. ಹಿಂದೆ ಏನೂ ಬರೆದಿಲ್ಲದಿದ್ದರೆ, ಇದು ಯಾರು, ಯಾವ ಊರು ಎಂದು ಅಜ್ಜಿಯನ್ನು ಕೇಳಿ ಪೆನ್ಸಿಲಿನಲ್ಲಿ ಬರೆಯಲು ಹೇಳಿ. ನಿಮ್ಮ ಮಕ್ಕಳ ಅಜ್ಜಿಯರು ಇನ್ನೂ ಬದುಕಿದ್ದಾರೆ. ನನಗೆ ಹೊಟ್ಟೆಕಿಚ್ಚಾಗುವುದು ಅದೊಂದಕ್ಕೇ.

ಒಕ್ಕಲೆಬ್ಬಿಸುವ ಊರಿಗೆ ಮಂಡಳಿಯವರು ಕಾಗದದ ಮೇಲೆ ಒಂದು ಫೋಟೋ ತೆಗೆದುಕೊಡುತ್ತಾರೆ. ನಿನ್ನೆ ಎಲ್ಲರೂ ನೆರಳುಬಟ್ಟೆಯ ಕೆಳಗೆ ಸಾಲಾಗಿ ನಿಂತೆವು. ಇಂದು ಬೆಳಿಗ್ಗೆ ಸಾವಂತ್ರಿ ಅದರ ಹಿಂಬದಿಯನ್ನು ನನಗೆ ತೋರಿಸಿದಳು. ಇರುವೆ ಗಾತ್ರದ ಅಕ್ಷರಗಳಲ್ಲಿ ಮುನ್ನೂರ ಹನ್ನೆರಡು ಹೆಸರು, ತೊಟ್ಟಿಲ ಕೂಸಿನದೂ ಸೇರಿ. ಮೇಲೆ ತಲೆಬರಹ: ‘ನಮ್ಮ ಊರಿನ ಎಲ್ಲರೂ’.

“ಊರಿನ ಹೆಸರು ಎಲ್ಲಿ ಐತಿ ತಂಗಿ?” ಅಂದೆ.

“ಅದು ಎಲ್ಲಾರಿಗೂ ಗೊತ್ತೈತಲ್ರಿ ಅಕ್ಕಾರ” ಅಂದವಳು ಹಾಗೇ ನಿಂತುಬಿಟ್ಟಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಆಮೇಲೆ ಅವಳು ನೆಲಕ್ಕೆ ಕೂತು, ಪೆನ್ಸಿಲನ್ನು ನಾಲಿಗೆಗೆ ತಾಗಿಸಿಕೊಂಡು, ಕಾಗದ ಹರಿಯುವಷ್ಟು ಒತ್ತಿ ಬರೆದಳು: ನೂಲಗಟ್ಟಿ.

ಇಂತಿ,
ನೀಲಾಂಬಿಕಾ