ನಿಮ್ಮ ಬಾಟಲಿಯಲ್ಲಿದ್ದುದು ನಮ್ಮ ಬಾವಿಯ ನೀರಲ್ಲ

ಮಾನ್ಯರೇ,

ಕುಂಭಾರಿಯ ನಮ್ಮ ಬಾವಿಯ ನೀರು ಕುಡಿಯಲು ಯೋಗ್ಯ ಎಂದು ನಿಮ್ಮ ಕಚೇರಿ ಕೊಟ್ಟ ಕಾಗದ ಸುಳ್ಳು. ಆ ಸುಳ್ಳಿನಲ್ಲಿ ಅರ್ಧ ಪಾಲು ನನ್ನದು. ಉಳಿದ ಅರ್ಧಕ್ಕೆ ನಿಮ್ಮನ್ನು ಕರೆಯುತ್ತಿದ್ದೇನೆ. ಹೊಲ, ಕುರಿ, ಬಾವಿ ಇವುಗಳ ತಪಾಸಣೆಗಳನ್ನು ಒಂದಕ್ಕೊಂದು ಹೊಂದಿಸಿ ನೀರು ಕೆಡದಂತೆ ನೋಡಿಕೊಳ್ಳುವುದೇ ನಿಮ್ಮ ಹುದ್ದೆಯಂತೆ. ಹುದ್ದೆಯ ಹೆಸರು ಬಹಳ ಚೆನ್ನಾಗಿದೆ.

ನಾನು ಸೋಲಾಪುರದ ನವಿ ಪೇಠದಲ್ಲಿ ಬೆಳೆದು, ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಕನ್ನಡ ಅಕ್ಷರ ಕಲಿಸಿದ್ದು ಅಜ್ಜಿ. ಈ ಮೇ ತಿಂಗಳಲ್ಲಿ ಮದುವೆಯಾಗಿ ಇಲ್ಲಿಗೆ ಬಂದೆ. ಎಷ್ಟು ಸುಖವಾಗಿದ್ದೇನೆಂದು ಬರೆದರೆ ಈ ಬಹಿರಂಗ ಪತ್ರ ಅಚ್ಚು ಹಾಕುವ ಸಂಪಾದಕರು ಕತ್ತರಿಸಿಬಿಡುತ್ತಾರೆ. ಒಂದನ್ನು ಮಾತ್ರ ಬರೆಯಲೇಬೇಕು, ಅದು ನಿಮ್ಮ ಕಡತಕ್ಕೆ ಸೇರಿದ್ದು. ಬಾವಿ ನೀರು ನನಗೆ ಒಗ್ಗಲಿಲ್ಲವೆಂದು ನನ್ನವರು ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯಲ್ಲಿ ಕೆಲಸ ಮುಗಿಸಿ, ನನ್ನ ತವರಿನ ನಳದ ನೀರನ್ನು ಕ್ಯಾನಿನಲ್ಲಿ ತುಂಬಿ, ದಿನಾ ಸ್ಕೂಟರಿನ ಮೇಲೆ ತರುತ್ತಾರೆ. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾರೆ?

ಜುಲೈಯ ಒಂದು ಸೋಮವಾರ ಕೃಷಿಯವರು ಬಂದರು. ಬೆಳೆಗೆ ಹೊಡೆಯುವ ಔಷಧದ ಡಬ್ಬಿಗಳನ್ನು ನೋಡಿ ಹೋದರು. ಕುರಿ ಅವರ ವಿಷಯವಲ್ಲ. ಬುಧವಾರ ಪಶುವೈದ್ಯರು ಬಂದು, ಉಣ್ಣಿ ಸಾಯಿಸುವ ಔಷಧದ ನೀರಿನಲ್ಲಿ ನಮ್ಮ ಕುರಿಗಳನ್ನು ಅದ್ದಿಸಿದರು. ಉಳಿದ ನೀರು ಎಲ್ಲಿ ಚೆಲ್ಲಬೇಕೆಂದು ಮಾವ ಖಂಡಪ್ಪನವರು ಕೇಳಿದರೆ, “ಹಟ್ಟಿಯಿಂದ ದೂರ” ಎಂದರು. ನಮ್ಮಲ್ಲಿ ಹಟ್ಟಿಯಿಂದ ದೂರವೆಂದರೆ ಬಾವಿಗೆ ಹತ್ತಿರ. ಮಾವ ಬಾವಿಯ ಪಕ್ಕದ ತಗ್ಗಿನಲ್ಲಿ ಚೆಲ್ಲಿದರು. ಬಾವಿ ಅವರ ವಿಷಯವಲ್ಲ. ಗುರುವಾರ ಮಳೆಯಾಯಿತು. ಶುಕ್ರವಾರ ನೀರು ಪರೀಕ್ಷೆಯವರು ಬಂದು ಬೇವಿನ ಕೆಳಗೆ ಹೊರಸಿನ ಮೇಲೆ ಕೂತರು. “ದಾರಿ ಭಾಳ ರಾಡಿ ಅದರಿ ವೈನಿ, ನೀವೇ ತುಂಬಿಕೊಂಡು ಬರ್ರಿ” ಎಂದು ಬಾಟಲಿ ನನ್ನ ಕೈಗಿತ್ತರು.

ಬಾವಿಯಿಂದ ಕೊಡ ಎತ್ತಿದರೆ ಔಷಧದ ವಾಸನೆ. ಮನೆಗೆ ಬಂದವರಿಗೆ ನಾರುವ ನೀರು ಕೊಟ್ಟರೆ ಗಂಡನ ಮನೆಯ ಮರ್ಯಾದೆ ಏನಾದೀತು? ಕ್ಯಾನಿನ ನೀರು ತುಂಬಿಸಿ ಕೊಟ್ಟೆ. ಪರೀಕ್ಷೆಗೆಂದು ಗೊತ್ತಿದ್ದೇ ಕೊಟ್ಟೆ. ನನ್ನವರ ಪ್ರೀತಿ ನಿಮ್ಮ ಪ್ರಯೋಗಾಲಯದಲ್ಲಿ ಮೊದಲ ದರ್ಜೆಯಲ್ಲಿ ಪಾಸಾಯಿತು. ಇಂಗ್ಲಿಷ್ ಕಾಗದ ಬಂದಾಗ ಓಣಿಯ ಜನರಿಗೆಲ್ಲ ಓದಿ ಹೇಳಿದವಳೂ ನಾನೇ. ಅತ್ತೆ ಅದನ್ನು ಗೋಡೆಯ ಮೇಲೆ ಮನೆದೇವರು ಬೀರೋಬಾನ ಫೋಟೋ ಪಕ್ಕದಲ್ಲಿ ಅಂಟಿಸಿದರು. ಅಷ್ಟರಲ್ಲಿ ವಾಸನೆ ಹೋಗಿತ್ತು, ನನ್ನ ಅಳುಕೂ ಹೋಗಿತ್ತು.

ಆಗಸ್ಟ್‌ನಲ್ಲಿ ಮತ್ತೆ ಕುರಿ ಅದ್ದಿದರು, ಅಲ್ಲೇ ಚೆಲ್ಲಿದರು. ಬಾವಿಯ ಬಾನಿಯಲ್ಲಿ ನೀರು ಕುಡಿದ ಎರಡು ಮರಿ ಮರುದಿನ ಸತ್ತವು. ಆಗ ಎಲ್ಲರೆದುರು ನಿಜ ಹೇಳಿದೆ. ಪಕ್ಕದ ಮನೆಯ ಹಣಮವ್ವ ನಕ್ಕುಬಿಟ್ಟರು.

“ಗಂಡ ತಂದ ನೀರು ಸಾಹೇಬಗ ಕೊಟ್ಟಿ? ಭಾಳ ದೊಡ್ಡ ಮನಸ್ಸವ್ವ ನಿಂದು.”

“ಅವ್ವಾ, ಖರೇನೇ ಹೇಳಾಕತ್ತೀನಿ. ಆ ನೀರು ಕುಡೀಬ್ಯಾಡ್ರಿ.”

“ನಿನಗ ಸೋಲಾಪುರದ ನೀರಿನ ಚಟ ಹತ್ತ್ಯಾದ, ಅದಕ್ಕ ನಮ್ಮ ಬಾವಿ ಹೊಲಸು ಕಾಣ್ತದ. ಸರಕಾರದ ಸಿಕ್ಕಾ ಅದ ಕಾಗದದ ಮ್ಯಾಗ. ನೀನೇ ಓದಿದಿ.”

ಮಾವನವರದು ಒಂದೇ ಮಾತು: “ಡಾಕ್ಟರ್ ಸಾಹೇಬ್ರು ಹೇಳಿದಲ್ಲೇ ಚೆಲ್ಲೀನಿ.”

ಹಣಮವ್ವನ ಮಗಳು ಶುಭಾಂಗಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಎಂಟು ತಿಂಗಳು. ದಿನವೂ ಆ ಬಾವಿಯ ನೀರೇ ಕುಡಿಯುತ್ತಾಳೆ. ನನ್ನ ಕ್ಯಾನನ್ನು ಒಯ್ದು ಕೊಟ್ಟರೆ ಹಣಮವ್ವ ಹೊಸ್ತಿಲಿನಿಂದಲೇ ತಿರುಗಿಸಿ ಕಳಿಸುತ್ತಾರೆ. ತಪ್ಪೊಪ್ಪಿಕೊಂಡು ನಿಮ್ಮ ಕಚೇರಿಗೂ ಬರೆದೆ. ಮುಂದಿನ ಪರೀಕ್ಷೆ ಮುಂದಿನ ಜುಲೈಗೆ ಎಂದು ಉತ್ತರ ಬಂತು. ಹೊಟ್ಟೆಯೊಳಗಿನ ಕೂಸಿಗೂ ಈ ವಿಷಯ ತಿಳಿಸಬೇಕೆ? ಮೂವರು ಅಧಿಕಾರಿಗಳು ಒಂದೇ ದಿನ ಬಂದಿದ್ದರೆ, ಒಬ್ಬರಾದರೂ ಆ ತಗ್ಗನ್ನೂ ಬಾವಿಯನ್ನೂ ಒಟ್ಟಿಗೆ ನೋಡುತ್ತಿರಲಿಲ್ಲವೆ? ಹಾಗೆಂದು ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ನೀವು ನೋಡಲಿಲ್ಲ. ನಾನು ಮೂಸಿಯೂ ಮುಚ್ಚಿಟ್ಟೆ.

ಈ ವಾರವೇ ಮೂವರನ್ನೂ ಕರೆದುಕೊಂಡು ನೀವೇ ಬನ್ನಿ. ಬಾಟಲಿಗೆ ಹಗ್ಗ ಕಟ್ಟಿ ನಿಮ್ಮ ಕೈಯಿಂದಲೇ ಬಾವಿಗೆ ಇಳಿಸಿ. ಗೋಡೆಯ ಕಾಗದವನ್ನು ಹಣಮವ್ವನ ಎದುರು ನೀವೇ ಹರಿಯಿರಿ. ನಾನು ಹರಿದರೆ ಯಾರೂ ನಂಬುವುದಿಲ್ಲ. ನಿಮಗೆ ಚಹಾ ಮಾಡುತ್ತೇನೆ. ಕುಡಿಯುವ ಮುಂಚೆ ಯಾವ ನೀರಿನದೆಂದು ಕೇಳಿ. ಈ ಸಲ ನಿಜ ಹೇಳುತ್ತೇನೆ.

ಇಂತಿ,
ನಿಮ್ಮ ಕಡತದಲ್ಲಿ ಶುದ್ಧಳಾಗಿ ಉಳಿದಿರುವ
ಅನುಜಾ
ಕುಂಭಾರಿ, ೧೨ ಸೆಪ್ಟೆಂಬರ್ ೧೯೯೬