ಒಡೆದ ಅರಗು

8-1-2007, ಸೋಮವಾರ

ಏಳೂವರೆಗೇ ದೋಹಾದ ಗರಾಫಾ ಬಡಾವಣೆಯ ವಿಲ್ಲಾ. ಮಗ ವಿನಯ್ ಆಫೀಸಿಗೆ ಹೋಗುವಾಗ ಎಂದಿನಂತೆ ಇಳಿಸಿದ. ಯೂಸ್ಟೇಸ್ ಸಾಹೇಬರು ಆಗಲೇ ಶೇವ್ ಮಾಡಿ ಟೈ ಕಟ್ಟಿ ಕುಳಿತಿದ್ದರು. ಎಂಬತ್ನಾಲ್ಕು ವರ್ಷ. ಎರಡೂ ಕಣ್ಣು ಹೋಗಿವೆ. ಮಗಳು ಇಲ್ಲೇ ಸ್ಕೂಲ್ ಟೀಚರ್. ಆಕೆ ಹೊರಟಳೆಂದರೆ ಮಧ್ಯಾಹ್ನದವರೆಗೆ ನಾವಿಬ್ಬರೇ — ಅವರು ಹೇಳುವುದು, ನಾನು ಟೈಪ್ ಮಾಡಿ ಓದಿ ಹೇಳುವುದು.

ಇವತ್ತು ಐದನೇ ಅಧ್ಯಾಯ. ಅವರ ಮುತ್ತಜ್ಜ ಲಾರ್ಡ್ ಥಾರ್ನ್‌ಬಿಯ ಜೀವನಚರಿತ್ರೆ. ವಿಕ್ಟೋರಿಯಾ ರಾಣಿಯ ಕಾಲದ ಬ್ಯಾಂಕರ್, ಪಾರ್ಲಿಮೆಂಟಿನಲ್ಲೂ ದೊಡ್ಡ ಹೆಸರು. ಬ್ಯಾಂಕ್ ಮುಳುಗುತ್ತದೆ ಅಂತ ಜನ ಮುಗಿಬಿದ್ದ ದಿನ ಹ್ಯಾಟ್ ತೆಗೆದು ಬಾಗಿಲಲ್ಲೇ ನಿಂತನಂತೆ. ಬಂದವರ ಕೈ ಕುಲುಕಿ, ಮನೆಯವರು ಹೇಗಿದ್ದಾರೆ ಎಂದು ಕೇಳಿದನಂತೆ. ಸಂಜೆಯೊಳಗೆ ಅರ್ಧ ಜನ ಹಾಗೇ ವಾಪಸ್. ಗಟ್ಟಿ ಆಸಾಮಿ.

ಮುದ್ದುಕೃಷ್ಣ ಎಂಬ ನನ್ನ ಹೆಸರು ಸಾಹೇಬರ ಬಾಯಿಗೆ ಬರುವುದಿಲ್ಲ. ‘ಪ್ರೊಫೆಸರ್’ ಎನ್ನುತ್ತಾರೆ. ಮೈಸೂರಿನಲ್ಲಿ ಮೂವತ್ತೊಂದು ವರ್ಷ ಹಿಸ್ಟರಿ ಲೆಕ್ಚರರ್ ಆಗಿದ್ದೆ, ಅಷ್ಟೇ. ತಿದ್ದಿಲ್ಲ. ಕೇಳಲು ಚೆನ್ನಾಗಿದೆ.

17-1-2007, ಬುಧವಾರ

ಇದನ್ನು ಬರೆಯಲೇಬೇಕು.

ಇಂಗ್ಲೆಂಡಿನಿಂದ ತಗಡಿನ ಪೆಟ್ಟಿಗೆ ಬಂದಿದೆ. ಲಾರ್ಡ್‌ನ ಹಿರಿಯ ಮಗನ ಕಡೆಯವರು ಹಳೇ ಮನೆ ಖಾಲಿ ಮಾಡುವಾಗ ಸಿಕ್ಕಿದ್ದು. ಸಾಹೇಬರು ಮಗಳ ಜೊತೆ ಡಾಕ್ಟರ ಹತ್ತಿರ ಹೊರಟಿದ್ದರು. “ವಿಂಗಡಿಸಿಡಿ ಪ್ರೊಫೆಸರ್, ಬಂದು ಕೇಳುತ್ತೇನೆ” ಎಂದರು. ತೆರೆಯಿರಿ ಎನ್ನಲಿಲ್ಲ.

ಬ್ಯಾಂಕಿನ ಕಾಗದ, ಭಾಷಣದ ಕರಡು... ತಳದಲ್ಲಿ ಏಳು ಪತ್ರ. ಒಂದೇ ಕೈಬರಹ, ಹೆಂಗಸಿನದು. ಎಲ್ಲದಕ್ಕೂ ಕೆಂಪು ಅರಗಿನ ಮುದ್ರೆ. ಸಾಹೇಬರು ಬರುವುದರೊಳಗೆ ಓದಿ ಸಾರಾಂಶ ಹೇಳಿ ಮೆಚ್ಚಿಸೋಣ ಎನಿಸಿತು. ಬ್ರೆಡ್ಡಿಗೆ ಬೆಣ್ಣೆ ಸವರುವ ಚಾಕು ಮೇಜಿನ ಮೇಲೇ ಇತ್ತು. ಅದರಿಂದ ಒಂದಾದ ಮೇಲೊಂದು ಮುದ್ರೆ ಎಬ್ಬಿಸಿದೆ. ಅರಗು ಪುಡಿಪುಡಿಯಾಯಿತು. ಅಂಗೈಯಲ್ಲಿ ಒಟ್ಟುಮಾಡಿ ಕಸದ ಬುಟ್ಟಿಗೆ ಹಾಕಿದೆ. ನೂರಿಪ್ಪತ್ತು ವರ್ಷ ಯಾರೂ ಮುಟ್ಟದೇ ಇದ್ದದ್ದು. ದಾಖಲೆಗೆ ಕೈ ಹಾಕುವ ಮೊದಲು ಅದು ಇದ್ದ ಸ್ಥಿತಿ ಬರೆದುಕೊಳ್ಳಿ ಎಂದು ಹುಡುಗರಿಗೆ ಕಿರುಚಿ ಹೇಳುತ್ತಿದ್ದವನು ನಾನೇ.

ಸಾಹೇಬರು ಬಂದರು. ತಳದಲ್ಲಿ ಏಳು ಪತ್ರ ಸಿಕ್ಕಿವೆ, ಹೆಂಗಸಿನ ಕೈಬರಹ ಎಂದೆ. ಮುಖವೇ ಬೇರೆಯಾಯಿತು. ಕುರ್ಚಿಯ ಕೈ ಬಿಗಿಯಾಗಿ ಹಿಡಿದರು.

“ಮುದ್ರೆ ಒಡೆದಿವೆಯೇ, ಪ್ರೊಫೆಸರ್?”

“ಒಡೆದಿವೆ” ಎಂದೆ.

ಸುಳ್ಳಲ್ಲ. ಒಡೆದೇ ಇದ್ದವು.

ಆಮೇಲೆ ಹೇಳಿದರು. ಬರೆದವಳು ಅವರ ಅಜ್ಜಿ ಶಾರ್ಲಟ್, ಲಾರ್ಡ್‌ನ ಮಗಳು. ಬ್ಯಾಂಕಿನ ಗುಮಾಸ್ತನನ್ನು ಮದುವೆಯಾಗಿ ಮನೆ ಬಿಟ್ಟವಳು. ಅಪ್ಪನಿಗೆ ಏಳು ಸಲ ಬರೆದಳು, ಒಂದಕ್ಕೂ ಉತ್ತರವಿಲ್ಲ. “ಅವರು ಒಂದನ್ನೂ ಒಡೆದು ನೋಡಲಿಲ್ಲ” ಎಂದು ಸಾಯುವವರೆಗೆ ಹೇಳುತ್ತಿದ್ದಳಂತೆ.

“ಓದಿದ್ದಾನೆ, ಪ್ರೊಫೆಸರ್! ಏಳನ್ನೂ ಓದಿದ್ದಾನೆ!”

ಅತ್ತರು. ನನ್ನ ಕೈ ಹುಡುಕಿ ಹಿಡಿದುಕೊಂಡರು. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಇತ್ತು. ಕಾಣುವುದಿಲ್ಲವಲ್ಲ ಎಂದು ಸಮಾಧಾನವಾಯಿತು. ಥೂ.

18-1-2007

ಹೇಳಲೆಂದೇ ಹೋಗಿದ್ದೆ. ಬಾಗಿಲಲ್ಲೇ ಅವರ ಮಗಳು, “ಅಪ್ಪ ಇಷ್ಟು ಚೆನ್ನಾಗಿ ನಿದ್ದೆ ಮಾಡಿ ಎಷ್ಟು ವರ್ಷವಾಯಿತೋ, ಥ್ಯಾಂಕ್ಯೂ” ಎಂದಳು.

ಹೇಳಲಿಲ್ಲ. ಪತ್ರಗಳನ್ನು ಅವರಿಗೆ ಓದಿ ಹೇಳಿದೆ. ಕೊನೆಯದು ಹೆಚ್ಚುಕಡಿಮೆ ಬಾಯಿಪಾಠವಾಗಿದೆ — ‘ಮಗು ಹುಟ್ಟಿದೆ. ನನಗೇನೂ ಬೇಡ. ಭಾನುವಾರ ತೋಟದ ಗೇಟಿನವರೆಗೆ ಬಂದರೆ ಸಾಕು, ಆಚೆಯಿಂದಲೇ ತೋರಿಸುತ್ತೇನೆ.’

29-1-2007, ಸೋಮವಾರ

ಹೊಸ ಅಧ್ಯಾಯ ಮುಗಿಯಿತು. ‘ತಂದೆಯ ಕ್ಷಮೆ.’ ಸಭೆಯಲ್ಲಿ ಸಿಂಹದಂತೆ ಮಾತಾಡಿ ಬಂದ ಲಾರ್ಡ್ ಒಬ್ಬನೇ ಕೂತು ಮಗಳ ಪತ್ರ ಓದುತ್ತಾನೆ, ಅಹಂಕಾರ ಬಿಡಲಾರ, ಪತ್ರವನ್ನೂ ಬಿಡಲಾರ. ಸಾಹೇಬರು ಅಷ್ಟು ಚೆನ್ನಾಗಿ ಇನ್ನಾವುದನ್ನೂ ಬರೆಸಿಲ್ಲ. ಒಂದು ಕಡೆ ಪದ ಸಿಗದೆ ತಡವರಿಸಿದರು. ಒದಗಿಸಿದವನು ನಾನೇ. “ಪರ್ಫೆಕ್ಟ್” ಎಂದರು.

ಇನ್ನೊಂದು ಸುದ್ದಿ. ಇಂಗ್ಲೆಂಡಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದರಂತೆ. ತನ್ನ ಸಮಾಧಿಯ ಮೇಲೆ ಅಪ್ಪನ ಹೆಸರು ಬರಬಾರದು ಎಂದು ಅಜ್ಜಿ ಬರೆದಿಟ್ಟು ಸತ್ತಿದ್ದಳು. ಬರೀ ‘ಶಾರ್ಲಟ್’ ಎಂದಿದೆ. ಈಗ ಅಕ್ಕ ತಮ್ಮ ಸೇರಿ ಅದರ ಕೆಳಗೆ ‘ಲಾರ್ಡ್ ಥಾರ್ನ್‌ಬಿಯ ಮಗಳು’ ಎಂದು ಕೆತ್ತಿಸುತ್ತಾರಂತೆ.

“ಅವಳಿಗೆ ಗೊತ್ತಿರಲಿಲ್ಲ ಪಾಪ. ಗೊತ್ತಿದ್ದರೆ ಬೇಡ ಎನ್ನುತ್ತಿದ್ದಳೇ?”

ತಲೆಯಾಡಿಸಿದೆ. ಕುರುಡರ ಮುಂದೆ.

13-2-2007

ಹತ್ತು ದಿನವಾಯಿತು ಹೋಗಿ. ಬೆನ್ನುನೋವು ಎಂದಿದ್ದೇನೆ. ಸಾಹೇಬರು ಡ್ರೈವರ್ ಆಂಟನಿಯ ಕೈಲಿ ಮುಲಾಮು ಕಳಿಸಿದ್ದಾರೆ. ಮಂಗಳೂರಿನವನು. “ಸಾಹೇಬ್ರು ದಿನಾ ಕೇಳ್ತಾರೆ ಮಾರಾಯ್ರೆ, ಪ್ರೊಫೆಸರ್ ಇಲ್ಲದೆ ಬೋರಂತೆ” ಎಂದ.

ಹೆಂಡತಿ ಇಂದಿರಾ ಮುಲಾಮು ತೆಗೆದುಕೊಂಡು ಬಂದಳು. “ಎಲ್ಲಿ ನೋವು, ತೋರ್ಸಿ.” ತೋರಿಸಲು ಜಾಗವಿರಲಿಲ್ಲ. ಎಲ್ಲ ಹೇಳಿಬಿಟ್ಟೆ.

ವಿನಯ್ ಕೇಳಿಸಿಕೊಂಡು ಬಂದ. “ಅಪ್ಪಾ, ಮುದುಕ್ರು ಖುಷಿಯಾಗಿದಾರೆ. ಯಾರಿಗೇನು ಲಾಸು? ಖಲಾಸ್, ಬಿಟ್ಬಿಡಿ.”

ಇಂದಿರಾ ಅವನನ್ನು ಗದರಿದಳು. “ಸತ್ತೋಳು ಬೇಡ ಅಂದಿದ್ದನ್ನ ಕಲ್ಲಲ್ಲಿ ಕೆತ್ತಿಸ್ತಿದಾರಲ್ಲೋ.” ನನ್ನ ಕಡೆ ತಿರುಗಿ, “ಹೋಗಿ ಹೇಳ್ರೀ. ಏನ್ ಹೊಡೀತಾರಾ?”

ಹೊಡೆದರೆ ಸುಲಭವಾಗಿತ್ತು.

21-2-2007, ಬುಧವಾರ

ಹೇಳಿದೆ. ನಿಂತೇ ಹೇಳಿದೆ. ಕೂರಿ ಎಂದರೂ ಕೂರಲಿಲ್ಲ.

ಸಾಹೇಬರು ನನ್ನ ದನಿಯ ಕಡೆ ಮುಖ ತಿರುಗಿಸಿದರು.

“ಏಳೂ?”

“ಏಳೂ.”

“ಎಲ್ಲದರ ಮೇಲೂ ಮುದ್ರೆ ಪೂರ್ತಿ ಇತ್ತು?”

“ಇತ್ತು, ಸರ್.”

ಆಗಲಾದರೂ ಬಾಯಿ ಮುಚ್ಚಬೇಕಿತ್ತು. “ಆದರೂ ಸುಡದೆ ಇಟ್ಟುಕೊಂಡಿದ್ದನಲ್ಲ ಸರ್, ಮನಸ್ಸಿನಲ್ಲಿ ಏನೋ ಇದ್ದಿರಬೇಕು...”

“ಬೇಡ” ಎಂದರು. “ದಯವಿಟ್ಟು ಬೇಡ. ಇನ್ನೊಂದು ಕಥೆ ಹೇಳಬೇಡಿ.”

ಫೋನ್ ಕೊಡಿ ಎಂದರು. ಅಕ್ಕನ ನಂಬರ್ ಒತ್ತಿದವನೂ ನಾನೇ — ಅವರಿಗೆ ಕಾಣುವುದಿಲ್ಲವಲ್ಲ. ಅವರ ಕಡೆಯ ಮಾತಷ್ಟೇ ಕೇಳಿಸಿತು. “ಯಾವಾಗ?... ಶುಕ್ರವಾರವೇ?... ಆಳವಾಗಿ ಕೆತ್ತಿದ್ದಾರಾ?”

ಇಟ್ಟರು. ಕಲ್ಲಿನ ಕೆಲಸ ಮುಗಿದು ಐದು ದಿನವಾಗಿದೆ. ಹತ್ತು ದಿನ ಬೆನ್ನುನೋವು ಎಂದು ಮನೆಯಲ್ಲಿ ಮಲಗಿರದಿದ್ದರೆ, ಆ ನಂತರವೂ ಒಂದು ವಾರ ಧೈರ್ಯ ಹುಡುಕುತ್ತ ಕೂರದಿದ್ದರೆ...

“ನೀವು ಇವತ್ತು ಹೋಗಬಹುದು” ಎಂದರು. ಆಂಟನಿ ದಾರಿಯುದ್ದಕ್ಕೂ ಏನೋ ಕೇಳುತ್ತಿದ್ದ. ಏನೆಂದು ನೆನಪಿಲ್ಲ.

28-2-2007

ಫೋನಿಲ್ಲ. ಮೊಮ್ಮಗಳು ಗಗನಾಳ ಹಿಸ್ಟರಿ ಟೆಸ್ಟ್. “ತಾತಾ, ಪ್ರೈಮರಿ ಸೋರ್ಸ್ ಅಂದ್ರೆ ವಾಟ್?” ಅಮ್ಮನನ್ನು ಕೇಳು ಎಂದೆ.

4-3-2007, ಭಾನುವಾರ

ಸಾಹೇಬರ ಮಗಳ ಫೋನ್. ದನಿ ತಣ್ಣಗಿತ್ತು. ಆ ಸಾಲನ್ನು ಕಲ್ಲಿನಿಂದ ಕೆತ್ತಿ ತೆಗೆಸಿದ್ದಾರೆ. ಗುಳಿ ಉಳಿದಿದೆ, ಓದಲು ಬರುವುದಿಲ್ಲವಂತೆ. “ನನಗಂತೂ ನೀವು ಬರುವುದು ಇಷ್ಟವಿಲ್ಲ. ಅಪ್ಪ ನಾಳೆ ಬರಹೇಳಿದ್ದಾರೆ.”

5-3-2007, ಸೋಮವಾರ

ಹೋದೆ. ಟೈ ಕಟ್ಟಿರಲಿಲ್ಲ ಸಾಹೇಬರು. ಚೆನ್ನಾಗಿದ್ದೀರಾ ಎನ್ನಲಿಲ್ಲ, ಪ್ರೊಫೆಸರ್ ಎನ್ನಲಿಲ್ಲ. ‘ತಂದೆಯ ಕ್ಷಮೆ’ ಅಳಿಸಿ ಎಂದರು. ಅಳಿಸಿದೆ. ಹನ್ನೊಂದು ಪುಟ. ಅದರ ಜಾಗದಲ್ಲಿ ಒಂದೇ ಪ್ಯಾರಾ: ಮಗಳು ಏಳು ಪತ್ರ ಬರೆದಳು, ತಂದೆ ಒಂದನ್ನೂ ತೆರೆಯಲಿಲ್ಲ. ಕೆಳಗೆ ಅಡಿಟಿಪ್ಪಣಿ.

ಬರೆಸತೊಡಗಿದರು. ನನ್ನ ಬೆರಳು ತಾನಾಗಿ ‘ಒಬ್ಬ ಸಹಾಯಕ’ ಎಂದು ಒತ್ತಿತು. ಓದಿ ಹೇಳಿದಾಗ ತಡೆದರು.

“ಸಹಾಯಕ ಎಂದು ನಾನು ಹೇಳಲಿಲ್ಲ. ನಾಳೆ ಯಾರಾದರೂ ಆ ಲಕೋಟೆಗಳನ್ನು ಕೈಗೆ ತೆಗೆದುಕೊಂಡರೆ ಲಾರ್ಡ್ ಓದಿದ್ದ ಎಂದುಕೊಳ್ಳುತ್ತಾರೆ. ನೀವು ಕ್ಲಾಸಿನಲ್ಲಿ ಏನು ಹೇಳಿಕೊಡುತ್ತಿದ್ದಿರಿ?”

“ಯಾರು, ಯಾವಾಗ, ಎಲ್ಲಿ... ಎಲ್ಲ ಬರೆಯಬೇಕು ಅಂತ, ಸರ್.”

“ಹಾಗಾದರೆ ಬರೆಯಿರಿ. ಹೆಸರು ಪೂರ್ತಿ. ನನಗೆ ಉಚ್ಚರಿಸಲು ಬಾರದು, ನೀವೇ ಅಕ್ಷರ ಹೇಳುತ್ತ ಟೈಪ್ ಮಾಡಿ. ಆಮೇಲೆ ಗಟ್ಟಿಯಾಗಿ ಓದಿ.”

ಮಾಡಿದೆ. ಒಂದೊಂದೇ ಅಕ್ಷರ. ಅವರು ತಲೆ ಬಗ್ಗಿಸಿ ಕೇಳುತ್ತಿದ್ದರು. ಓದಲು ಶುರು ಮಾಡಿದೆ. ‘ಈ ಪತ್ರಗಳ ಮುದ್ರೆಯನ್ನು ಮೊಟ್ಟಮೊದಲು ಒಡೆದವರು, 2007ರ ಜನವರಿ 17ರಂದು, ದೋಹಾದಲ್ಲಿ, ಮೈಸೂರಿನ—’ ಮುಂದಿನ ಪದ ನನ್ನ ಹೆಸರು.