ಕೈ ಕಟ್ಟಿಸಿಕೊಂಡ ಮೇಷ್ಟ್ರು

ನಂಜನಗೂಡು, 12-8-1998

ತಂಗಿ ಚಿಕ್ಕತಾಯಮ್ಮನಿಗೆ ಅಣ್ಣನ ಆಶೀರ್ವಾದ. ಮೂಗೂರಿನಲ್ಲಿ ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ಇಲ್ಲಿನ ನೂಲಿನ ಗಿರಣಿಯಲ್ಲಿ ಕೆಲಸ ಕಲಿಸುವುದಕ್ಕೆಂದೇ ಸಂಬಳ ಕೊಟ್ಟು ಮೂವರನ್ನು ಇಟ್ಟಿದ್ದಾರೆ ಕಣವ್ವ! ಒಬ್ಬರು ಬೋರ್ಡಿನ ಮೇಲೆ ಬರೆದು ಪಾಠ ಹೇಳುತ್ತಾರೆ, ಟ್ರೈನಿಂಗ್ ಆಫೀಸರ್ ಪ್ರಿಯಂವದಾ ಮೇಡಂ ಪರೀಕ್ಷೆ ಮಾಡುತ್ತಾರೆ, ಮೆಷಿನ್ ಹತ್ತಿರ ತೋರಿಸಿಕೊಡುವವನು ನಾನು. ಹೊಸ ಹುಡುಗಿಯರು ಪಾಸಾದರೆ ನನಗೆ ಈ ಕೆಲಸ ಖಾಯಂ ಎಂದಿದ್ದರು, ಇಲ್ಲವಾದರೆ ಮೊದಲಿನಂತೆ ಎಂಟು ಗಂಟೆ ಮೆಷಿನ್ ಮುಂದೆ ನಿಲ್ಲಬೇಕಿತ್ತು. ನನ್ನ ಮಂಡಿನೋವು ನಿನಗೆ ಗೊತ್ತಲ್ಲ.

ಮೆಷಿನ್ನಿನಲ್ಲಿ ನೂಲು ಕಡಿದುಹೋದ ಕೂಡಲೇ ನಾನೇ ಕೈ ಹಾಕಿ ಸೇರಿಸಿಬಿಡುತ್ತಿದ್ದೆ, ಹುಡುಗಿಯರು ಸುಮ್ಮನೆ ನೋಡುತ್ತಿದ್ದರು. "ಕಲೀಬೇಕಾದೋರು ಅವ್ರು ಹುಚ್ಚಯ್ಯನವ್ರೇ, ನೀವಲ್ಲ" ಎಂದು ಮೇಡಂ ನಕ್ಕರು. "ಈ ಕೈ ನಿಲ್ಲಕಿಲ್ಲ ಮೇಡಂ, ಕಟ್ಟಾಕ್ಸಿಬುಡಿ" ಎಂದೆ. ಹುಡುಗಿಯರು ನನ್ನ ಟವೆಲ್ಲಿನಿಂದಲೇ ನನ್ನ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿ, ಬಿದ್ದು ಬಿದ್ದು ನಕ್ಕರು. ನಾಲ್ಕು ದಿನ ಬರೀ ಬಾಯಲ್ಲೇ ಪಾಠ.

ಇವತ್ತು ಪರೀಕ್ಷೆ, ಕಡಿದ ನೂಲನ್ನು ಹುಡುಗಿಯರೇ ಸೇರಿಸಬೇಕು. ಯಶೋಧರಾ ಎಂಬ ಹುಡುಗಿಯ ನೂಲು ಎರಡು ಸಲ ಜಾರಿತು. ಇವತ್ತು ಟವೆಲ್ ಕಟ್ಟಿರಲಿಲ್ಲ, ನಾನೇ ಕೈಗಳನ್ನು ಬೆನ್ನ ಹಿಂದೆ ಹಿಡಿದು ನಿಂತೆ. "ತಾತ, ವಸಿ ಬನ್ನಿ" ಎಂದು ಅಳುವ ಹಾಗೆ ಕರೆದಳು.

"ನಾ ಬರಕಿಲ್ಲ ಕಣವ್ವ. ನಿಂಗೇ ಬತ್ತದೆ, ಮಾಡು."

ಮೂರನೆಯ ಸಲ ಸೇರಿಸಿಯೇಬಿಟ್ಟಳು! ಎಲ್ಲರೂ ಪಾಸು.

ನನ್ನ ಕೆಲಸವೂ ಖಾಯಂ; ಮೆಷಿನ್ ಪಕ್ಕದಲ್ಲಿ ಮೇಡಂ ನನಗೊಂದು ಕುರ್ಚಿ ಹಾಕಿಸಿದ್ದಾರೆ, ಅದರಲ್ಲೇ ಕೂತು ಈ ಕಾರ್ಡು ಬರೆಯುತ್ತಿದ್ದೇನೆ. ಕಾರ್ಡು ತುಂಬಿತು, ಶಿಫ್ಟಿನ ಗಂಟೆಯೂ ಆಯಿತು. ಎಲ್ಲರೂ ಮನೆಗೆ ಹೊರಟರು. ನಾನು ಮಾತ್ರ ಇನ್ನೂ ಕುರ್ಚಿಯಿಂದ ಎದ್ದಿಲ್ಲ.

ನಿನ್ನ ಅಣ್ಣ
ಹುಚ್ಚಯ್ಯ